ಸೊಸೆ ಕಡೆಯವ್ರ ಐರ್ಲೆಂಡ್ ಮೂಲ ಹುಡುಕೋದು ಹೆಂಗೆ? ಊರಿನ ಹೆಸರೇ ಗೊತ್ತಿಲ್ಲ

ತೋಟದಮನೆ_ತೀರ್ಥಹಳ್ಳಿ:

ಎಲ್ರಿಗೂ ನಮಸ್ಕಾರ. ತೀರ್ಥಹಳ್ಳಿ ಕಡೆ ನಾಲ್ಕೆಕರೆ ಅಡಿಕೆ ತೋಟ ನೋಡ್ಕಂಡಿರೋ ಮನುಷ್ಯ ಐರ್ಲೆಂಡಿನ ವಂಶಾವಳಿ ಕೇಳ್ತಾನಲ್ಲ ಅಂತ ನಗಬೇಡಿ, ಪೂರ್ತಿ ಓದಿ ಆಮೇಲೆ ನಕ್ಕರೂ ಅಡ್ಡಿಲ್ಲ.

ನಮ್ಮ ಮಗ ಸಿಯಾಟಲ್‌ನಲ್ಲಿ ಇರೋದು. ಸೊಸೆ ಅಲ್ಲಿಯವಳೇ, ಒಳ್ಳೆ ಹುಡುಗಿ, ನನ್ನನ್ನ ಅಪ್ಪಯ್ಯ ಅಂತಲೇ ಕರೀತಾಳೆ. ಮೊಮ್ಮಗಳಿಗೆ ಶಾಲೇಲಿ ಫ್ಯಾಮಿಲಿ ಟ್ರೀ ಪ್ರಾಜೆಕ್ಟ್ ಕೊಟ್ಟಿದ್ರು, ಅಜ್ಜಯ್ಯ ನಿಮ್ಮ ಕಡೇದು ಬರ್ಕೊಡಿ ಅಂತ ವೀಡಿಯೊ ಕಾಲಲ್ಲಿ ಕೇಳ್ತು. ನಮ್ದೇನು ಕಷ್ಟ ಆಗ್ಲಿಲ್ಲ. ಅಪ್ಪಯ್ಯ ಹಳೇ ಲೆಕ್ಕದ ಪುಸ್ತಕದ ಹಿಂದೆ ಬರೆದಿಟ್ಟಿದ್ರು, ಜಮೀನು ಭಾಗ ಆದಾಗ ಮಾಡ್ಸಿದ ವಂಶವೃಕ್ಷ ಬೇರೆ ಇತ್ತು, ಎರಡೂ ಸೇರ್ಸಿ ಏಳು ತಲೆಮಾರು ಬರ್ದು ಫೋಟೊ ಹೊಡ್ದು ಕಳ್ಸಿದೆ. ನನ್ನ ಹೆಂಡತಿ ತವರು ಶಿಕಾರಿಪುರ ಕಡೆ, ಅಲ್ಲಿ ಅವಳು ಸಣ್ಣೋಳಿದ್ದಾಗ ಹೆಳವರು ಬಂದು ಕಟ್ಟೆ ಮೇಲೆ ಕೂತು ಇಡೀ ವಂಶ ಹೇಳ್ತಿದ್ರಂತೆ, ಅವಳು ಅದನ್ನ ನೆನಪು ಮಾಡ್ಕಂಡು ಇನ್ನೊಂದು ನಾಲ್ಕು ಹೆಸರು ಸೇರ್ಸಿದ್ಲು. ಮೊಮ್ಮಗಳ ಚಾರ್ಟಲ್ಲಿ ನಮ್ಮ ಕಡೆ ಜಾಗ ಸಾಲ್ದೆ ಇನ್ನೊಂದು ಹಾಳೆ ಅಂಟಿಸಿದಾರೆ. ಅದರ ಅಮ್ಮನ ಕಡೆ ನೋಡಿದ್ರೆ ಮೂರೇ ಮೂರು ಗೂಡು. ಪಾಪ ಅನ್ನಿಸ್ತು ಮಾರಾಯ್ರೆ.

ಬೀಗರ ಹತ್ರ ಮಾತಾಡಿದೆ. ಅವರ ಹೆಸರು ಇಲ್ಲಿ ಹಾಕೋದು ಬೇಡ, ಸರ್‌ನೇಮ್ ಮಾತ್ರ ಹೇಳ್ತೀನಿ, ಸಲಿವನ್ ಅಂತ. ಅವರಿಗೆ ಗೊತ್ತಿರೋದು ಇಷ್ಟು. ಅವರ ಅಜ್ಜಿ, ಅಂದ್ರೆ ಅಪ್ಪನ ತಾಯಿ, ಹತ್ತೊಂಬತ್ತೋ ಇಪ್ಪತ್ತೋ ವಯಸ್ಸಲ್ಲಿ ಒಬ್ಬಳೇ ಹಡಗು ಹತ್ತಿ ಬಂದಿದ್ದು. ಮೊಂಟಾನಾ ರಾಜ್ಯದ ಬ್ಯೂಟ್ ಅನ್ನೋ ಊರಲ್ಲಿ ಗಣಿ ಕೆಲಸದವ್ರು ಇರೋ ಒಂದು ಬೋರ್ಡಿಂಗ್ ಮನೇಲಿ ಅಡುಗೆ ಕೆಲಸಕ್ಕೆ ಸೇರಿದ್ದು, ಅಲ್ಲೇ ತಾಮ್ರದ ಗಣಿಯವನ್ನ ಮದುವೆ ಆಗಿದ್ದು. ತಮಾಷೆ ಅಂದ್ರೆ ಅಜ್ಜಿ ತವರಿನ ಹೆಸರೂ ಸಲಿವನ್, ಗಂಡನ ಹೆಸರೂ ಸಲಿವನ್. ಐರ್ಲೆಂಡಲ್ಲಿ ಕಾರ್ಕ್ ಕೌಂಟಿ ಅಂತ ಗೊತ್ತು, ಊರು ಗೊತ್ತಿಲ್ಲ. ಅಜ್ಜಿದು ಒಂದು ಹಳೇ ಫೋಟೊ ಅದೆಯಂತೆ, ಅದರ ಹಿಂದೆ ಪೆನ್ಸಿಲಲ್ಲಿ ಐರಿಶ್ ಅಂತ ಬರ್ದಿದೆಯಂತೆ, ಅದೂ ಸ್ಪೆಲಿಂಗ್ ತಪ್ಪು, ಪಾಪ ಓದು ಬರಹ ಕಮ್ಮಿ ಅಂತ ಬೀಗರು ನಕ್ಕರು.

ನಾನೂ ಒಂದು ವೆಬ್‌ಸೈಟಿಗೆ ತಿಂಗಳ ದುಡ್ಡು ಕಟ್ಟಿ ನೋಡ್ದೆ. ಸಲಿವನ್, ಕಾರ್ಕ್ ಅಂತ ಹೊಡೆದ್ರೆ ಸಾವಿರ ಸಾವಿರ ಬರ್ತದೆ. ಯಾರೋ ಒಬ್ರ ವಂಶವೃಕ್ಷ ಅಂತೂ ಹಿಡ್ಕಂಡು ಹೋದ್ರೆ ಸಾವಿರ ವರ್ಷ ಹಿಂದಿನ ರಾಜನ ತನಕ ಹೋಯ್ತು. ಬೀಗರಿಗೆ ಕಳ್ಸಿದೆ, ಅವ್ರು ಖುಷಿಯಾಗಿ ನಾನು ರಾಜವಂಶ ಅಂತ ನಾಲ್ಕು ಜನಕ್ಕೆ ಹೇಳಿಯೂ ಆಯ್ತು. ಆಮೇಲೆ ನೋಡಿದ್ರೆ ಅದರಲ್ಲಿ ಅಮ್ಮ ಹುಟ್ಟೋ ಮುಂಚೆ ಮಗ ಹುಟ್ಟಿದಾನೆ.

ಈಗ ಎಲ್ಲಿಂದ ಶುರು ಮಾಡದು? ಐರ್ಲೆಂಡ್ ಸರ್ಕಾರಕ್ಕೆ ಕಾಗದ ಬರೆದ್ರೆ ಕೊಡ್ತಾರಾ? ಗೊತ್ತಿರೋರು ಹೇಳಿ. ಮಳೆ ಜೋರು, ಕರೆಂಟ್ ಇರಲ್ಲ, ಉತ್ತರ ತಡ ಆದ್ರೆ ಬೇಜಾರು ಮಾಡ್ಕಬೇಡಿ.

ಗಾಜನೂರು_ಟು_ಬಾಸ್ಟನ್:

ಸರ್ ನಾನು ಶಿವಮೊಗ್ಗದವ್ಳು, ಈಗ ಬಾಸ್ಟನ್ ಹತ್ರ ಇರೋದು. ಪಕ್ಕದ ಮನೆ ಅಜ್ಜಿದು ಇದೇ ತರ ಹುಡುಕೋಕೆ ಕೂತು ಈಗ ಅದೇ ಹುಚ್ಚು ಹಿಡಿದು ಲೈಬ್ರರಿಲಿ ಶನಿವಾರ ಶನಿವಾರ ಬೇರೆಯವ್ರಿಗೂ ಹೇಳ್ಕೊಡ್ತೀನಿ. ಉದ್ದ ಬರೀತೀನಿ, ಸಹಿಸ್ಕೊಳ್ಳಿ.

ಮೊದಲನೇದು, ಐರ್ಲೆಂಡ್ ಕಡೆ ಈಗ್ಲೇ ತಲೆ ಹಾಕಬೇಡಿ. ಎಲ್ಲರೂ ಮಾಡೋ ತಪ್ಪೇ ಅದು. ಕಾರ್ಕ್ ಅನ್ನೋದು ಅಲ್ಲಿರೋ 32 ಕೌಂಟಿಲಿ ಎಲ್ಲಕ್ಕಿಂತ ದೊಡ್ಡದು. ಕಾರ್ಕ್‌ನ ಸಲಿವನ್ ಅಂದ್ರೆ ಶಿವಮೊಗ್ಗ ಜಿಲ್ಲೆಯ ಮಂಜಪ್ಪ ಬೇಕು ಅಂದಂಗೆ, ಯಾವ ಮಂಜಪ್ಪ? ನಿಮಗೆ ಬೇಕಾಗಿರೋದು ಟೌನ್‌ಲ್ಯಾಂಡ್. ಹೆಸರಲ್ಲಿ ಟೌನ್ ಇದೆ ಅಂತ ಪಟ್ಟಣ ಅಂದ್ಕೋಬೇಡಿ, ನಮ್ಮಲ್ಲಿ ಗ್ರಾಮದೊಳಗೆ ಮಜರೆ ಇರುತ್ತಲ್ಲ, ನಾಲ್ಕು ಮನೆ ಒಂದು ಹಳ್ಳ ಒಂದು ಗುಡ್ಡ, ಅಷ್ಟೇ ಅದು. ಅಂಥವು ಐರ್ಲೆಂಡಲ್ಲಿ 60,000ಕ್ಕೂ ಮೇಲಿವೆ, ಅಲ್ಲಿಯ ದಾಖಲೆ ಎಲ್ಲಾ ಜೋಡ್ಸಿರೋದೇ ಅದರ ಮೇಲೆ. ಆ ಸಣ್ಣ ಜಾಗದ ಹೆಸರು ಸಿಕ್ಕಿದ್ರೆ ಅರ್ಧ ಕೆಲಸ ಆಯ್ತು, ಸಿಗದಿದ್ರೆ ರಾಜವಂಶಕ್ಕೇ ಹೋಗ್ತೀರ 😄

ಆ ಹೆಸರು ಸಿಗೋದು ಅಮೆರಿಕಾದಲ್ಲಿ. ಯಾಕಂದ್ರೆ ಐರ್ಲೆಂಡಲ್ಲಿ ತುಂಬಾ ದಾಖಲೆ ಸುಟ್ಟು ಹೋಗಿದೆ. 1922ರ ಜೂನ್ 30ಕ್ಕೆ, ಅವರ ಅಂತರ್ಯುದ್ಧದ ಟೈಮಲ್ಲಿ, ಡಬ್ಲಿನ್‌ನ ಫೋರ್ ಕೋರ್ಟ್ಸ್ ಕಟ್ಟಡದಲ್ಲಿದ್ದ ಪಬ್ಲಿಕ್ ರೆಕಾರ್ಡ್ ಆಫೀಸ್ ಸ್ಫೋಟ ಆಗಿ ಬೂದಿ ಆಯ್ತು. 1821ರಿಂದ 1851ರ ತನಕದ ಸೆನ್ಸಸ್ ಬಹುಪಾಲು ಅಲ್ಲೇ ಹೋಯ್ತು. 1861, 1871ರದ್ದನ್ನ ಸರ್ಕಾರವೇ ಮುಂಚೆ ನಾಶ ಮಾಡಿತ್ತು, 1881, 1891ರದ್ದನ್ನ ಮೊದಲ ಮಹಾಯುದ್ಧದಲ್ಲಿ ಕಾಗದ ಸಾಲದೆ ರದ್ದಿಗೆ ಹಾಕಿದ್ರು. ಹಾಗಾಗಿ ಇಡೀ ದೇಶದ್ದು ಅಂತ ಪೂರ್ತಿ ಉಳಿದಿರೋ ಹಳೇ ಸೆನ್ಸಸ್ 1901 ಮತ್ತು 1911 ಎರಡೇ. ನಿಮ್ಮ ಅದೃಷ್ಟಕ್ಕೆ ಬೀಗರ ಅಜ್ಜಿ ಆ ಕಾಲದವ್ರೇ ಇರಬೇಕು.

ಈಗ ಅಮೆರಿಕಾದಲ್ಲಿ ಏನೇನು ನೋಡಬೇಕು ಅಂದ್ರೆ, ಬೀಗರ ಅಪ್ಪನಿಂದ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ, ಹಾರಬೇಡಿ. ಇಲ್ಲಿ ಸೆನ್ಸಸ್ 72 ವರ್ಷ ಆದ್ಮೇಲೆ ಸಾರ್ವಜನಿಕರಿಗೆ ಬಿಡ್ತಾರೆ, 1950ರದ್ದು 2022ರ ಏಪ್ರಿಲ್ 1ಕ್ಕೆ ಬಂತು. ಫ್ಯಾಮಿಲಿಸರ್ಚ್ ಅಂತ ಸೈಟಿದೆ, ಪೂರ್ತಿ ಫ್ರೀ, ದುಡ್ಡು ಕಟ್ಟಿರೋದನ್ನ ನಿಲ್ಲಿಸಿಬಿಡಿ ಸರ್. ಅದರಲ್ಲಿ 1910, 1920, 1930 ತೆಗೀರಿ, ಯಾವ ವರ್ಷ ದೇಶಕ್ಕೆ ಬಂದ್ರು ಅನ್ನೋ ಕಾಲಮ್ ಇರುತ್ತೆ. ಮೂರರಲ್ಲಿ ಮೂರು ವರ್ಷ ಇರುತ್ತೆ, ಅದಕ್ಕೆ ಹೆದರಬೇಡಿ, ಹೆಚ್ಚುಕಮ್ಮಿ ಅಂದಾಜು ಸಿಗುತ್ತೆ. ಅಜ್ಜಿಯ ಡೆತ್ ಸರ್ಟಿಫಿಕೇಟ್ ತರಿಸಿ, ಅಪ್ಪನ ಹೆಸರು ಮತ್ತೆ ಅಮ್ಮನ ತವರಿನ ಹೆಸರು ಸಾಮಾನ್ಯವಾಗಿ ಇರುತ್ತೆ. ಆದ್ರೆ ಅದನ್ನ ಹೇಳಿರೋದು ಸತ್ತವ್ರಲ್ಲ, ದುಃಖದಲ್ಲಿರೋ ಮಗನೋ ಸೊಸೆಯೋ, ನೆನಪಿರಲಿ. ಅಜ್ಜಿ ಪೌರತ್ವದ ಅರ್ಜಿ ಹುಡುಕಿ ಸಮಯ ಹಾಳು ಮಾಡಬೇಡಿ, 1922ಕ್ಕೆ ಮುಂಚೆ ಗಂಡ ಸಿಟಿಜನ್ ಆದ್ರೆ ಹೆಂಡತಿನೂ ಆದಂಗೆ, ಅವಳದ್ದು ಅಂತ ಬೇರೆ ಪೇಪರೇ ಇರ್ತಿರಲಿಲ್ಲ. ಬದಲಿಗೆ ಗಂಡನದ್ದು ನೋಡಿ, ಅಜ್ಜಿ ಅಣ್ಣತಮ್ಮಂದಿರು ಬಂದಿದ್ರೆ ಅವರದ್ದೂ ನೋಡಿ. 1917ರ ಜೂನ್ 5ಕ್ಕೆ ಸೈನ್ಯದ ನೋಂದಣಿ ಅಂತ 21ರಿಂದ 30 ವಯಸ್ಸಿನ ಎಲ್ಲಾ ಗಂಡಸರ ಹೆಸರು ಬರ್ಕೊಂಡ್ರು, ಅದರಲ್ಲಿ ಹುಟ್ಟಿದ ಊರು ಕೇಳಿದ್ರು. (ಅದೇ ದಿನ ಬ್ಯೂಟ್‌ನಲ್ಲಿ ಐರಿಶ್ ಮತ್ತೆ ಫಿನ್‌ಲೆಂಡಿನವ್ರು ಸೇರಿ ಅದರ ವಿರುದ್ಧ ಗಲಾಟೆ ಮಾಡಿದ್ರು, ಆ ಕಥೆ ಬೇರೆ.)

ಎಲ್ಲಕ್ಕಿಂತ ಮುಖ್ಯ ಹಡಗಿನ ಪಟ್ಟಿ. ಅಜ್ಜಿ 1907ರ ನಂತರ ಬಂದಿದ್ರೆ ಲಾಟರಿ. ಆ ವರ್ಷದ ಕಾಯಿದೆ ಆದ್ಮೇಲೆ ಪಟ್ಟಿಲಿ ಊರಲ್ಲಿ ಬಿಟ್ಟು ಬಂದ ಹತ್ತಿರದ ಸಂಬಂಧಿ ಯಾರು, ವಿಳಾಸ ಏನು ಅನ್ನೋ ಕಾಲಮ್ ಸೇರ್ಸಿದ್ರು. ಅದಕ್ಕೂ ಮುಂಚೆ ಬಂದಿದ್ರೆ ಅಮೆರಿಕಾದಲ್ಲಿ ಯಾರ ಮನೆಗೆ ಹೋಗ್ತಿದೀಯ ಅನ್ನೋದು ಮಾತ್ರ ಇರುತ್ತೆ. ಪಟ್ಟಿ ಎರಡು ಪುಟ ಇರುತ್ತೆ, ತುಂಬಾ ಜನ ಎಡಗಡೆ ಪುಟ ನೋಡಿ ಮುಗಿಸ್ತಾರೆ, ಬಲಗಡೆನೂ ನೋಡಿ.

ಇನ್ನೊಂದು ಸುಳಿವು ನಿಮಗೆ ಗೊತ್ತಿಲ್ದೆ ನೀವೇ ಕೊಟ್ಟಿದೀರಿ, ಬ್ಯೂಟ್, ತಾಮ್ರ, ಸಲಿವನ್ ಅಂತ. ಕಾರ್ಕ್‌ನ ಪಶ್ಚಿಮದ ತುದಿಲಿ ಬೇರಾ ಅಂತ ಸಮುದ್ರಕ್ಕೆ ಚಾಚಿಕೊಂಡಿರೋ ಒಂದು ನೆಲ ಇದೆ. ಅಲ್ಲಿ ಆಲಿಹೀಸ್ ಅನ್ನೋ ಕಡೆ 1812ರಿಂದ ತಾಮ್ರದ ಗಣಿ ನಡೀತಿತ್ತು, ಅದು ನಿಂತ ಮೇಲೆ ಅಲ್ಲಿಯ ಗಣಿ ಜನ ಗುಂಪು ಗುಂಪಾಗಿ ಬ್ಯೂಟ್‌ಗೆ ಬಂದ್ರು. ಬ್ಯೂಟ್‌ನ ದೊಡ್ಡ ಗಣಿ ಧಣಿ ಮಾರ್ಕಸ್ ಡೇಲಿನೂ ಐರ್ಲೆಂಡಿನವನೇ, ಕ್ಯಾವನ್ ಕೌಂಟಿ. ಕುದುರೆಮುಖ ಟೌನ್‌ಶಿಪ್ ಇದ್ದಂಗೆ ಅಂದ್ಕೊಳ್ಳಿ, ಗಣಿ ಸುತ್ತ ಕಟ್ಟಿದ ಊರು. ಬೇರಾದಲ್ಲಿ ಸಲಿವನ್‌ಗಳು ಎಷ್ಟು ಅಂದ್ರೆ ಪೂರ್ತಿ ಹೆಸರು ಹೇಳಿದ್ರೂ ಗೊತ್ತಾಗಲ್ಲ ಅಂತ ಒಂದೊಂದು ಕವಲಿಗೆ ಒಂದೊಂದು ಅಡ್ಡಹೆಸರು ಇಟ್ಕೊಂಡಿದಾರೆ, ನಮ್ಮಲ್ಲಿ ಮೇಲಿನಮನೆ, ಕೆಳಗಿನಮನೆ, ಹೊಳೆಬಾಗಿಲು ಅಂತೀವಲ್ಲ ಹಾಗೆ. ಸಲಿವನ್ ಸಲಿವನ್‌ಗೆ ಮದುವೆ ಆಗಿರೋದು ಅಲ್ಲಿ ವಿಶೇಷವೇ ಅಲ್ಲ. ಇದು ನನ್ನ ಊಹೆ ಅಷ್ಟೇ, ಸಾಬೀತು ಮಾಡೋವರೆಗೆ ಬೀಗರಿಗೆ ಹೇಳಬೇಡಿ.

ಸುಮ್ನೆ_ಕೇಳ್ದೆ:

ಇಷ್ಟೆಲ್ಲಾ ಯಾಕೆ ಗುರೂ, ಒಂದು ಡಿಎನ್‌ಎ ಟೆಸ್ಟ್ ಕಿಟ್ ತರ್ಸಿ ಉಗುಳಿ ಕಳ್ಸಿದ್ರೆ ಆಯ್ತಲ್ಲ. ಮತ್ತೆ ನ್ಯೂಯಾರ್ಕ್ ಬಂದರಲ್ಲಿ ವಲಸೆ ಬಂದವ್ರನ್ನ ತಪಾಸಣೆ ಮಾಡ್ತಿದ್ದ ಎಲ್ಲಿಸ್ ಐಲೆಂಡಲ್ಲಿ ಕ್ಲರ್ಕ್‌ಗಳು ಬಂದವ್ರ ಹೆಸರೆಲ್ಲ ಬದಲಾಯಿಸಿಬಿಟ್ಟಿದ್ರಂತೆ, ಸಲಿವನ್ ನಿಜವಾದ ಹೆಸರೇ ಅಲ್ದೆ ಇರಬಹುದು. ಆಮೇಲೆ ಇದರಿಂದ ನಿಮ್ಮ ಮಗನಿಗೆ ಐರ್ಲೆಂಡ್ ಪಾಸ್‌ಪೋರ್ಟ್ ಸಿಗುತ್ತಾ? ಸಿಗೋದಾದ್ರೆ ಮಾಡಿ 😂

ಗಾಜನೂರು_ಟು_ಬಾಸ್ಟನ್:

@ಸುಮ್ನೆ_ಕೇಳ್ದೆ ಮೂರೂ ಒಳ್ಳೆ ಪ್ರಶ್ನೆನೇ. ಎಲ್ಲಿಸ್ ಐಲೆಂಡಲ್ಲಿ ಹೆಸರು ಬದಲಾಯಿಸಿದ್ದು ಅನ್ನೋದು ಕಟ್ಟುಕಥೆ. ಅಲ್ಲಿಯ ಗುಮಾಸ್ತರು ಹೆಸರು ಬರೀತಾನೇ ಇರಲಿಲ್ಲ, ಹಡಗಿನ ಕಂಪನಿ ಆ ಕಡೆಯಿಂದ ಬರ್ಕೊಂಡು ತಂದ ಪಟ್ಟಿ ಹಿಡ್ಕೊಂಡು ಟಿಕ್ ಹಾಕ್ತಿದ್ರು. ಹೆಸರು ಬದಲಾಯಿಸ್ಕೊಂಡವ್ರು ಆಮೇಲೆ ತಾವೇ ಬದಲಾಯಿಸ್ಕೊಂಡ್ರು. ಸಲಿವನ್‌ನಲ್ಲಿ ಹೋಗಿದ್ದು ಮುಂದಿನ "ಓ" ಅಷ್ಟೇ, ಓಸಲಿವನ್. ಓ ಅಂದ್ರೆ ಮೊಮ್ಮಗ, ವಂಶದವನು ಅಂತ. ಅದೂ ಐರ್ಲೆಂಡಲ್ಲೇ ಎಷ್ಟೋ ಜನ ಬಿಟ್ಟಿದ್ರು, ಆಮೇಲೆ ಕೆಲವ್ರು ವಾಪಸ್ ಸೇರ್ಸ್ಕೊಂಡ್ರು. ಹಾಗಾಗಿ ಹುಡುಕೋವಾಗ ಎರಡೂ ತರ ಹೊಡೀಬೇಕು.

ಡಿಎನ್‌ಎ ಊರಿನ ಹೆಸರು ಹೇಳಲ್ಲ, ನೆಂಟರನ್ನ ತೋರ್ಸುತ್ತೆ. ಅವರ ಹತ್ರ ಕೇಳಿ ಊರು ತಿಳ್ಕೋಬೇಕು. ಬೇರಾ ತರದ ಕಡೆ ಇನ್ನೊಂದು ಫಜೀತಿ, ನೂರಾರು ವರ್ಷ ಅಕ್ಕಪಕ್ಕದಲ್ಲೇ ಕೊಟ್ಟು ತಂದು ಮಾಡಿರೋದ್ರಿಂದ ದೂರದವ್ರೂ ಹತ್ತಿರದವ್ರ ತರ ಕಾಣ್ತಾರೆ. ನಮ್ಮಲ್ಲಿ ಸೋದರಮಾವನ ಮಗಳು, ಅತ್ತೆ ಮಗ ಅಂತ ತಲೆತಲಾಂತರ ಮದುವೆ ಆದ ಮನೆತನದ ಡಿಎನ್‌ಎ ತೆಗೆದ್ರೂ ಹಿಂಗೇ. ಮಾಡಿಸೋದಾದ್ರೆ ಸೊಸೆದು ಬೇಡ, ಬೀಗರದ್ದೇ ಮಾಡ್ಸಿ, ಒಂದು ತಲೆಮಾರು ಹತ್ತಿರ.

ಪಾಸ್‌ಪೋರ್ಟು ನಿಮ್ಮ ಮಗನಿಗಿಲ್ಲ ಸ್ವಾಮಿ. ಅಜ್ಜ ಅಜ್ಜಿಲಿ ಒಬ್ರು ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ್ರೆ ಮೊಮ್ಮಕ್ಕಳು ಅವರ ಫಾರಿನ್ ಬರ್ತ್ಸ್ ರಿಜಿಸ್ಟರ್‌ನಲ್ಲಿ ಹೆಸರು ಸೇರಿಸಿ ಪೌರತ್ವ ತಗೋಬಹುದು. ಅಂದ್ರೆ ಬೀಗರಿಗೆ ದಾರಿ ಇದೆ. ಆದ್ರೆ ಮಗಳು ಹುಟ್ಟೋ ಮುಂಚೆ ಅವರು ಸೇರಿಸಿರಬೇಕಿತ್ತು, ಈಗ ಸೇರಿಸಿದ್ರೆ ಮಗಳಿಗೆ ಬರಲ್ಲ.

ಆ ರಾಜವಂಶದ ವಿಷಯಕ್ಕೆ ಒಂದು ಮಾತು. ಎಲ್ಲಿಸ್ ಐಲೆಂಡ್ 1892ರ ಜನವರಿ 1ಕ್ಕೆ ಶುರುವಾದಾಗ ಮೊದಲು ಇಳಿದ ಹುಡುಗಿ ಆನ್ನಿ ಮೂರ್, ಕಾರ್ಕ್‌ನವಳೇ, 17 ವರ್ಷ. ಎಷ್ಟೋ ವರ್ಷ ಟೆಕ್ಸಾಸ್ ಕಡೆಯ ಇನ್ನೊಬ್ಬ ಆನ್ನಿ ಮೂರ್‌ನೇ ಇವಳು ಅಂತ ಎಲ್ಲರೂ ನಂಬಿದ್ರು, ಆಯಮ್ಮನ ಮೊಮ್ಮಕ್ಕಳನ್ನ ಸಮಾರಂಭಕ್ಕೆಲ್ಲ ಕರೀತಿದ್ರು. 2006ರಲ್ಲಿ ಕೂತು ದಾಖಲೆ ನೋಡಿದ್ರೆ ಟೆಕ್ಸಾಸ್‌ನವಳು ಹುಟ್ಟಿದ್ದೇ ಅಮೆರಿಕಾದಲ್ಲಿ, ನಿಜವಾದ ಆನ್ನಿ ನ್ಯೂಯಾರ್ಕ್ ಬಿಟ್ಟು ಹೋಗೇ ಇಲ್ಲ, ಅಲ್ಲೇ ಬಡತನದಲ್ಲಿ ಬದುಕಿ ಅಲ್ಲೇ ಸತ್ತಿದ್ಲು. ಅಷ್ಟು ಹೆಸರಾದವಳದ್ದೇ ಈ ಕಥೆ ಆದ್ರೆ ನಮ್ಮ ನಿಮ್ಮ ಮನೆಯವ್ರದ್ದು ಇಂಟರ್ನೆಟ್ಟಲ್ಲಿ ಯಾರೋ ಹಾಕಿದ್ದನ್ನ ಹೆಂಗೆ ನಂಬೋದು.

ಶರಾವತಿ_ಮುಳುಗಡೆ:

ದಾಖಲೆ ಸುಟ್ಟಿದ್ದು ಓದಿ ನಮ್ಮನೆದು ನೆನಪಾಯ್ತು. ನಮ್ಮಜ್ಜನ ಊರು ಲಿಂಗನಮಕ್ಕಿ ಹಿನ್ನೀರಲ್ಲಿ ಮುಳುಗಿದ್ದು, 1964ರ ಡ್ಯಾಮಿಗೆ. ಮನೆ, ಗದ್ದೆ, ದೇವಸ್ಥಾನ, ಭೂತನಕಟ್ಟೆ ಎಲ್ಲಾ ಹೋಯ್ತು, ಲಾರಿಲಿ ತುಂಬ್ಕಂಡು ಶಿವಮೊಗ್ಗ ಹತ್ರ ಕಾಡಲ್ಲಿ ತಂದು ಇಳಿಸಿದ್ರು. ಹೊಸ ಜಾಗದ ಪತ್ರಕ್ಕೆ ಆಮೇಲೆ ಓಡಾಡಿದ್ದು ಹೇಳೋಕೆ ಹೋಗಲ್ಲ. ನಾನು ನಮ್ಮ ವಂಶ ಬರ್ಯೋಕೆ ಕೂತಾಗ ಕಾಗದದಲ್ಲಿ ಸಿಕ್ಕಿದ್ದಕ್ಕಿಂತ ಜಾಸ್ತಿ ಸಿಕ್ಕಿದ್ದು ಅತ್ತೆ ಮನೇಲಿ. ಅಂದ್ರೆ ಅಜ್ಜನ ತಂಗಿನ ಹೊಸನಗರ ಕಡೆ ಕೊಟ್ಟಿದ್ರು, ಆ ಊರು ಮುಳುಗಿರಲಿಲ್ಲ, ಅವರ ಪೆಟ್ಟಿಗೇಲಿ ಮದುವೆ ಲಗ್ನಪತ್ರಿಕೆ, ಉಡುಗೊರೆ ಪಟ್ಟಿ, ಯಾರ್ಯಾರು ಬಂದಿದ್ರು ಅಂತ ಎಲ್ಲಾ ಇತ್ತು.

ಅದಕ್ಕೆ ಹೇಳೋದು, ಬೀಗರ ಅಜ್ಜಿ ನೇರ ಸಾಲು ಮಾತ್ರ ಹಿಡೀಬೇಡಿ. ಅಜ್ಜಿಗೆ ಅಕ್ಕತಂಗಿ ಇದ್ರಾ, ಅವರ ಮಕ್ಕಳ ಮನೇಲಿ ಏನಿದೆ ಕೇಳಿ. ಹೆಣ್ಮಕ್ಕಳ ಪೆಟ್ಟಿಗೇಲಿ ಇರೋದು ಗಂಡಸರ ಕಪಾಟಲ್ಲಿ ಇರಲ್ಲ. ಮತ್ತೆ ಆ ಫೋಟೊ ಹಿಂದೆ ಬರೆದಿದ್ದು ಸ್ಪೆಲಿಂಗ್ ತಪ್ಪು ಅಂದ್ರಲ್ಲ, ಎಂಥ ಬರೆದಿದೆ ಅಂತ ಅಕ್ಷರ ಅಕ್ಷರ ಹಾಕಿ. ತಪ್ಪು ಅಂತ ನಾವು ಅಂದ್ಕಂಡಿದ್ದು ಎಷ್ಟೋ ಸಲ ತಪ್ಪಾಗಿರಲ್ಲ.

ತುತ್ತಸುಣ್ಣ:

ವಂಶಾವಳಿ ನಂಗೆ ಗೊತ್ತಿಲ್ಲ. ಆದ್ರೆ ಐರ್ಲೆಂಡ್ ಅಂದ ತಕ್ಷಣ ಅಲ್ಲಿಯ ಬರಗಾಲ ನೆನಪಾಗಿ ಒಂದು ವಿಷಯ ಹೇಳ್ಬೇಕು ಅನ್ನಿಸ್ತು, ಮಳೆಗಾಲ ಬೇರೆ, ಇವತ್ತೇ ಎರಡನೇ ಸಲದ ಔಷಧಿ ಹೊಡ್ಸಿ ಬಂದು ಕೂತಿದೀನಿ.

1845ರಿಂದ ಅಲ್ಲಿ ಆಲೂಗೆಡ್ಡೆ ಕೊಳೆತು ಹೋಗಿದ್ದು ಫೈಟಾಫ್ತೊರಾ ಅನ್ನೋ ಜಾತಿಯ ಕಾಯಿಲೆಯಿಂದ. ನಮ್ಮ ಅಡಿಕೆ ಕೊಳೆರೋಗನೂ ಅದೇ ಫೈಟಾಫ್ತೊರಾ, ಒಂದೇ ಮನೆತನ, ಬೇರೆ ಬೇರೆ ಕವಲು. ಎರಡಕ್ಕೂ ಬೇಕಾಗಿರೋದು ಬಿಡದೆ ಹೊಡೆಯೋ ಮಳೆ, ಮೋಡ, ತಂಡಿ. ನಮಗೆ ಒಂದು ವರ್ಷ ಕೊಳೆ ಬಂದ್ರೆ ಸಾಲ ಆಗುತ್ತೆ, ಊಟಕ್ಕೇನು ತೊಂದ್ರೆ ಆಗಲ್ಲ. ಅವರಿಗೆ ಬಡವರ ಮನೇಲಿ ಹೊಟ್ಟೆಗೆ ಇದ್ದಿದ್ದೇ ಆಲೂಗೆಡ್ಡೆ ಒಂದೇ, ಬೇರೆ ಬೆಳೆದಿದ್ದೆಲ್ಲ ಗೇಣಿಗೆ ಹೋಗ್ತಿತ್ತು, ಜನ ಸಾಯ್ತಿದ್ರೂ ಧಾನ್ಯ ಹಡಗಲ್ಲಿ ಹೊರಗೆ ಹೋಗ್ತಾನೇ ಇತ್ತು. 1841ರ ಸೆನ್ಸಸ್ಸಲ್ಲಿ 81 ಲಕ್ಷ ಇದ್ದ ಜನ 1851ಕ್ಕೆ 65 ಲಕ್ಷ. ಸುಮಾರು ಹತ್ತು ಲಕ್ಷ ಸತ್ರು, ಅಷ್ಟಕ್ಕಿಂತ ಜಾಸ್ತಿ ದೇಶ ಬಿಟ್ರು. ಆಮೇಲೂ ಬಿಡೋದು ನಿಲ್ಲಲಿಲ್ಲ, ನಿಮ್ಮ ಬೀಗರ ಅಜ್ಜಿ ಅದರ ಬಾಲ.

ಬೋರ್ಡೊ ದ್ರಾವಣ ಫ್ರಾನ್ಸಲ್ಲಿ ದ್ರಾಕ್ಷಿಗೆ ಅಂತ ಕಂಡ್ಹಿಡಿದಿದ್ದು 1880ರ ದಶಕದಲ್ಲಿ, ಐರ್ಲೆಂಡಿಗೆ ನಲವತ್ತು ವರ್ಷ ತಡ ಆಯ್ತು. ನಮ್ಮ ಮಲೆನಾಡಿಗೆ ಕೊಳೆಗೆ ಅದನ್ನ ಹೊಡಿಯೋದು ಕಲ್ಸಿದ್ದು ಮೈಸೂರು ಸಂಸ್ಥಾನದಲ್ಲಿದ್ದ ಕೋಲ್ಮನ್ ಸಾಹೇಬ್ರು, ಕೆನಡಾದವ್ರು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು. ತುತ್ತ ಅಂದ್ರೆ ತಾಮ್ರ. ಬೀಗರ ಅಜ್ಜ ಬ್ಯೂಟಲ್ಲಿ ಅಗೆದಿದ್ದೂ ಅದೇ. ಇಷ್ಟೇ, ವಿಷಯಾಂತರಕ್ಕೆ ಕ್ಷಮಿಸಿ.

ತೋಟದಮನೆ_ತೀರ್ಥಹಳ್ಳಿ:

ಮೂರು ವಾರ ಆಯ್ತು, ಲೈನ್ ಮೇಲೆ ಮರ ಬಿದ್ದು ನೆಟ್ಟೇ ಇರಲಿಲ್ಲ. ಎಲ್ಲರಿಗೂ ಥ್ಯಾಂಕ್ಸ್. @ತುತ್ತಸುಣ್ಣ ನಿಮ್ಮದನ್ನ ಮಗನ ಹತ್ರ ಇಂಗ್ಲಿಷ್ ಮಾಡ್ಸಿ ಬೀಗರಿಗೆ ಕಳ್ಸಿದೆ, ಅವ್ರು ಎರಡು ಸಲ ಓದಿದ್ರಂತೆ.

ಬ್ಯೂಟಲ್ಲಿ ಬೀಗರ ಚಿಕ್ಕಪ್ಪನ ಮಗಳು ಒಬ್ರು ಇದಾರೆ. ಅವ್ರು ಅಲ್ಲಿಯ ಆರ್ಕೈವ್ಸ್‌ಗೆ ಹೋಗಿ ಹಳೇ ಸಿಟಿ ಡೈರೆಕ್ಟರಿ ನೋಡಿದ್ರು, ಪ್ರತಿ ವರ್ಷ ಯಾರು ಯಾವ ಬೀದಿ, ಯಾವ ಗಣಿ ಅಂತ ಇರ್ತದಂತೆ. 1909ರಲ್ಲಿ ಅಜ್ಜಿ ಹೆಸರು ಒಂದು ಬೋರ್ಡಿಂಗ್ ಮನೆ ವಿಳಾಸದಲ್ಲಿ ಸಿಕ್ತು. ಸೆನ್ಸಸ್ಸಲ್ಲಿ ಬಂದ ವರ್ಷ ಒಂದ್ಕಡೆ 1907, ಒಂದ್ಕಡೆ 1908. ಡೆತ್ ಸರ್ಟಿಫಿಕೇಟಲ್ಲಿ ಅಪ್ಪ ಅಮ್ಮನ ಹೆಸರು ಅದೆ, ಊರು ಐರ್ಲೆಂಡ್ ಅಂತ ಅಷ್ಟೇ.

ಫೋಟೊ ಹಿಂದಿನ ಅಕ್ಷರ ಕೇಳಿದ್ರಲ್ಲ, ಬೀಗರು ಕನ್ನಡಕ ಹಾಕ್ಕಂಡು ಒಂದೊಂದೇ ಓದಿದ್ರು: ಇ, ವೈ, ಇ, ಆರ್, ಐ, ಇ, ಎಸ್. ಐರಿಶ್ ಬರೆಯೋಕೆ ಹೋಗಿ ಹಿಂಗಾಗಿದೆ ಅಂತ ಅವರ ಅಪ್ಪನ ಕಾಲದಿಂದ ನಗ್ತಾ ಬಂದಿದಾರೆ.

ಗಾಜನೂರು_ಟು_ಬಾಸ್ಟನ್:

ಸರ್!!! ಅದು ಐರಿಶ್ ಅಲ್ಲ. ಐರೀಸ್. ಅದು ಊರು. ಬೇರಾದಲ್ಲೇ ಇದೆ, ಆಲಿಹೀಸ್‌ಗಿಂತ ಸ್ವಲ್ಪ ಈಚೆ, ಸಮುದ್ರದ ದಡ, ಮನೆಗಳಿಗೆ ಬಣ್ಣ ಬಣ್ಣ ಬಳ್ದಿರೋ ಫೋಟೊ ನೆಟ್ಟಲ್ಲಿ ಬೇಕಾದಷ್ಟಿದೆ. ಅಜ್ಜಿಗೆ ಸ್ಪೆಲಿಂಗ್ ಸರಿಯಾಗೇ ಬರ್ತಿತ್ತು, ಮೂರು ತಲೆಮಾರು ನಕ್ಕವ್ರಿಗೆ ಬರಲಿಲ್ಲ. @ಶರಾವತಿ_ಮುಳುಗಡೆ ನಿಮ್ಗೆ ಕೈ ಮುಗಿದೆ.

ಈಗ ಐರ್ಲೆಂಡಿಗೆ ಹೋಗಿ. 1908ರ ಆಸುಪಾಸಲ್ಲಿ ಕ್ವೀನ್ಸ್‌ಟೌನ್ ಬಂದರಿಂದ ಹೊರಟ ಹಡಗಿನ ಪಟ್ಟಿ ನೋಡಿ, ಈಗ ಆ ಊರಿಗೆ ಕೋವ್ ಅಂತ ಹೆಸರು. 1901ರ ಸೆನ್ಸಸ್ಸು ನ್ಯಾಷನಲ್ ಆರ್ಕೈವ್ಸ್ ಆಫ್ ಐರ್ಲೆಂಡ್‌ನ ಸೈಟಲ್ಲಿ ಫ್ರೀ. ಹುಟ್ಟಿದ ದಾಖಲೆ ಐರಿಶ್‌ಜೀನಿಯಾಲಜಿ ಡಾಟ್ ಐಇ ಅಂತ ಸರ್ಕಾರದ್ದೇ ಸೈಟಿದೆ, ಅದೂ ಫ್ರೀ, 1864ರಿಂದ ಎಲ್ಲರ ಜನನ ಮರಣ ನೋಂದಣಿ ಕಡ್ಡಾಯ ಆಗಿತ್ತು. ವಯಸ್ಸು ಕೂಡದಿದ್ರೆ ಬಿಟ್ಟುಬಿಡಬೇಡಿ, ಮೇಷ್ಟ್ರು ಜೂನ್ 1 ಅಂತ ಬರ್ಕೊಂಡಿರೋ ನಮ್ಮ ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡ್ ತರಾನೇ. ಅಜ್ಜಿ ಹೆಸರೂ ಒಂದೇ ತರ ಇರಲ್ಲ, ಅಲ್ಲಿ ಹೊನೋರಾ ಅಂತ ನಾಮಕರಣ ಆದವಳು ಇಲ್ಲಿ ನೋರಾ, ಬ್ರಿಜಿಟ್ ಅಂದ್ರೆ ಡೀಲಿಯಾ, ಹಿಂಗೆಲ್ಲ ಆಗಿರುತ್ತೆ. ಇನ್ನೊಂದು ಬಲೆ ಇದೆ ನೋಡಿ, ಬೇರಾ ಇರೋದು ಕಾರ್ಕ್ ಕೌಂಟಿ, ಆದ್ರೆ ಚರ್ಚ್ ಲೆಕ್ಕದಲ್ಲಿ ಕೆರ್ರಿ ಧರ್ಮಪ್ರಾಂತ್ಯ. ಕಾರ್ಕ್ ಅಂತಲೇ ಹುಡುಕಿದ್ರೆ ಚರ್ಚ್ ದಾಖಲೆ ಸಿಗಲ್ಲ.

ತೋಟದಮನೆ_ತೀರ್ಥಹಳ್ಳಿ:

ಸಿಕ್ತು. ನಾನು ಹುಡುಕಿದ್ದಲ್ಲ, ಸೊಸೆ ರಾತ್ರಿ ಎಲ್ಲಾ ಕೂತು ಹುಡುಕಿದ್ಲು, ನಾನು ಬೆಳಗಿನ ಕಾಫಿ ಕುಡೀತಾ ಈ ಕಡೆಯಿಂದ ನೋಡ್ತಾ ಇದ್ದೆ.

1908ರ ಹಡಗಿನ ಪಟ್ಟಿ. ಅಪ್ಪನ ಹೆಸರು, ಐರೀಸ್ ಅಂತ ವಿಳಾಸ. ಆದ್ರೆ ಆ ಕಡೆ ಅದೇ ಹೆಸರಿನ ಸಲಿವನ್ ಯಜಮಾನರು 1901ರಲ್ಲಿ ನಾಲ್ಕು ಮನೇಲಿ ಇದಾರೆ. ಎರಡು ದಿನ ಅದರಲ್ಲೇ ಹೋಯ್ತು. ಕೊನೆಗೆ ಡೆತ್ ಸರ್ಟಿಫಿಕೇಟಿನ ಅಮ್ಮನ ಹೆಸರು ಒಂದೇ ಮನೆಗೆ ಕೂಡಿ ಬಂತು, ಆ ಮನೇಲಿ 14 ವರ್ಷದ ಹುಡುಗಿನೂ ಇದ್ಲು, 1911ರಲ್ಲಿ ಅವಳಿಲ್ಲ. 1887ರ ಜನನ ದಾಖಲೇಲಿ ಅಪ್ಪ ಅಮ್ಮ, ಅಮ್ಮನ ತವರಿನ ಹೆಸರು ಎಲ್ಲಾ ಸರಿ ಹೋಯ್ತು. ಅಮ್ಮನ ತವರೂ ಸಲಿವನ್ನೇ, ಇನ್ನೆಂಥ!

1911ರ ಫಾರಮ್ಮಲ್ಲಿ ಒಂದು ಸಾಲು ನೋಡಿ ಸೊಸೆ ಸುಮ್ನಾದ್ಲು. ಮದುವೆ ಆದ ಹೆಂಗಸರಿಗೆ ಎಷ್ಟು ಮಕ್ಕಳು ಹುಟ್ಟಿದ್ರು, ಎಷ್ಟು ಬದುಕಿದಾರೆ ಅಂತ ಕೇಳಿದಾರೆ. ಒಂಬತ್ತು, ಏಳು ಅಂತ ಬರ್ದಿದೆ. ಮನೇಲಿ ಇರೋದು ಇಬ್ರೇ. ಅಜ್ಜಿ ಬಿಟ್ಟು ಉಳಿದ ನಾಲ್ಕು ಜನ ಎಲ್ಲಿಗೆ ಹೋದ್ರು ಅಂತ ಈಗ ಅವಳಿಗೆ ಹುಳ ಹೊಕ್ಕಿದೆ, ಅಜ್ಜಿ ಒಬ್ಬಳೇ ಬಂದಿದ್ದು ಅಂತ ಮನೇಲಿ ಹೇಳ್ತಿದ್ದಿದ್ದು ಸುಳ್ಳಿರಬಹುದು.

ಒಂದು ಡೌಟು. ಅಜ್ಜಿಯ ಅಪ್ಪನಿಗೆ 1901ರಲ್ಲಿ 58 ವರ್ಷ, 1911ರಲ್ಲಿ 71. ಹತ್ತು ವರ್ಷದಲ್ಲಿ ಹದಿಮೂರು ವರ್ಷ ಹೆಂಗೆ ಆಗ್ತದೆ? ಮನೆ ತಪ್ಪಾ?

ಗಾಜನೂರು_ಟು_ಬಾಸ್ಟನ್:

ಮನೆ ಸರಿ ಇದೆ 😄 1909ರ ಜನವರಿಯಿಂದ 70 ದಾಟಿದವ್ರಿಗೆ ವೃದ್ಧಾಪ್ಯ ಪಿಂಚಣಿ ಶುರುವಾಯ್ತು. ಐರ್ಲೆಂಡಿಗೆಲ್ಲಾ ರಾತ್ರೋರಾತ್ರಿ ವಯಸ್ಸಾಯ್ತು. 1864ಕ್ಕಿಂತ ಮುಂಚೆ ಹುಟ್ಟಿದವ್ರಿಗೆ ಬರ್ತ್ ಸರ್ಟಿಫಿಕೇಟೇ ಇಲ್ವಲ್ಲ, ಅದಕ್ಕೆ ಪಿಂಚಣಿಯವ್ರು 1841, 1851ರ ಸೆನ್ಸಸ್ ತೆಗೆದು ನೋಡ್ತಿದ್ರು. ಆ ಹುಡುಕಾಟದ ಫಾರಂಗಳು ಎಷ್ಟೋ ಉಳಿದಿವೆ, ಮೂಲ ಪುಸ್ತಕ ಸುಟ್ಟು ಹೋದ್ರೂ. ನಿಮ್ಮ ಸಲಿವನ್ ಅರ್ಜಿ ಹಾಕಿದ್ರೆ ಅವರಪ್ಪ ಅಮ್ಮನ ಹೆಸರೂ ಅದರಲ್ಲಿ ಇರಬಹುದು, ಅದೂ ಆರ್ಕೈವ್ಸ್ ಸೈಟಲ್ಲೇ ಇದೆ.

ಅದಕ್ಕೂ ಮುಂಚೆ ಅಜ್ಜಿಯ ಅಪ್ಪ ಅಮ್ಮನ ಮದುವೆ ಚರ್ಚ್ ರಿಜಿಸ್ಟರಲ್ಲಿ ನೋಡಿ. ಕ್ಯಾಥೊಲಿಕ್ ರಿಜಿಸ್ಟರ್‌ಗಳನ್ನ ಸುಮಾರು 1880ರ ತನಕದ್ದು ಐರ್ಲೆಂಡಿನ ನ್ಯಾಷನಲ್ ಲೈಬ್ರರಿ 2015ರಲ್ಲೇ ಫ್ರೀಯಾಗಿ ಹಾಕಿದೆ. ಸಲಿವನ್‌ಗೆ ಸಲಿವನ್ ಕೊಟ್ಟಿದಾರೆ ಅಂದ್ರೆ ಪಕ್ಕದಲ್ಲಿ ಲ್ಯಾಟಿನ್‌ನಲ್ಲಿ ಏನಾದ್ರೂ ಗೀಚಿದಾರಾ ನೋಡಿ. ರಕ್ತಸಂಬಂಧ ಇದ್ರೆ ಚರ್ಚಿನ ಒಪ್ಪಿಗೆ ಬೇಕಿತ್ತು, ಎಷ್ಟನೇ ಡಿಗ್ರಿ ಅಂತ ಬರೀತಿದ್ರು. ಎರಡನೇ ಡಿಗ್ರಿ ಅಂದ್ರೆ ಇಬ್ಬರ ಅಜ್ಜ ಒಬ್ಬರೇ, ಮೂರು ಅಂದ್ರೆ ಮುತ್ತಜ್ಜ ಒಬ್ಬರೇ.

ಸುಮ್ನೆ_ಕೇಳ್ದೆ:

ನಮ್ಮಲ್ಲಿ ಹಂಗೆ ಒಪ್ಪಿಗೆ ಬೇಕು ಅಂದಿದ್ರೆ ನಮ್ಮಪ್ಪ ಅಮ್ಮನ ಮದುವೆನೇ ಆಗ್ತಿರಲಿಲ್ಲ. ಸರಿ ಬಿಡಿ, ಡಿಎನ್‌ಎ ಮಾತು ವಾಪಸ್.

ತೋಟದಮನೆ_ತೀರ್ಥಹಳ್ಳಿ:

ಮದುವೆ ಸಿಕ್ಕಿದೆ, 1875, ಫೆಬ್ರವರಿ. ಪಕ್ಕದಲ್ಲಿ ಗೀಚಿದ್ದೂ ಅದೆ, ಆದ್ರೆ ಮಸಿ ಹರಡಿ ಇರುವೆ ಹರಿದಂಗೆ ಕಾಣ್ತದೆ, ಸೊಸೆಗೂ ಗೊತ್ತಾಗ್ಲಿಲ್ಲ ಬೀಗರಿಗೂ ಗೊತ್ತಾಗ್ಲಿಲ್ಲ. ಮೊಮ್ಮಗಳ ಪ್ರಾಜೆಕ್ಟು ಕೊಟ್ಟು ಯಾವ ಕಾಲ ಆಯ್ತೋ, ಅದಕ್ಕೀಗ ಬೇರೆ ಎಂಥದೋ ಜ್ವಾಲಾಮುಖಿ ಮಾಡೋ ಕೆಲಸ ಕೊಟ್ಟಿದಾರೆ. ಇಲ್ಲಿ ನಾವು ಮೂರು ಜನ ವಯಸ್ಸಾದವ್ರು ಬಿಡಂಗಿಲ್ಲ ಅಂತ ಕೂತಿದೀವಿ.

ಇಲ್ಲಿ ಪೇಟೆ ಚರ್ಚಿನ ಫಾದರ್ ಪರಿಚಯ ಅದೆ, ಅಡಿಕೆ ಸಸಿ ತಗೊಂಡು ಹೋಗೋಕೆ ಮನೆಗೆ ಬಂದಿದ್ರು. ಲ್ಯಾಟಿನ್ ಬರ್ತದಾ ಅಂತ ಫೋನ್ ಮಾಡಿ ಕೇಳಿದೆ, ಸೆಮಿನರೀಲಿ ಓದಿದ್ದು, ಹಳೇ ಕೈಬರಹ ಆದ್ರೆ ಬೂತಗನ್ನಡಿ ತನ್ನಿ ಅಂದ್ರು. ಭಾನುವಾರ ಪೂಜೆ ಮುಗಿದ ಮೇಲೆ ಬನ್ನಿ ಅಂದಿದಾರೆ. ಪ್ರಿಂಟ್ ದೊಡ್ಡದು ಮಾಡ್ಸಿ ಪ್ಲಾಸ್ಟಿಕ್ ಕವರಿಗೆ ಹಾಕಿಟ್ಟಿದೀನಿ, ಮಳೆ ನಿಂತಿಲ್ಲ ಇನ್ನೂ.